ಮೂರು ಕಡೆ ಗೋಡೆ

"ಕಿವಿ ಹೋದ್ರೆ ಹೋಗ್ಲಿ ಬಿಡೇ. ಹೆಣ್ಣುಕೂಸು ತಾನೇ? ನಾಳೆ ಕಟ್ಕೊಂಡೋನು ಬೈದ್ರೆ ಕೇಳ್ಸಲ್ಲ, ಸಂಸಾರ ಸುಖವಾಗಿರುತ್ತೆ."

ಧಣಿ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದಲ್ಲಿದ್ದ ಮೇಸ್ತ್ರಿ ಒಂದು ಕ್ಷಣ ತಡವಾಗಿ, ಆದರೆ ಧಣಿಗಿಂತ ಜೋರಾಗಿ ನಕ್ಕ. ಸಂಬಳಕ್ಕೆ ನಗುವವರ ನಗು ಯಾವಾಗಲೂ ಹೀಗೆ ಒಂದು ಹಿಡಿ ಜಾಸ್ತಿಯೇ ಇರುತ್ತದೆ. ಆಫೀಸಿನ ಬಾಗಿಲ ಹೊರಗೆ ಕಡ್ಡಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಸೋಪು ನೀರಿನಲ್ಲಿ ನೆನೆದು ಬಿಳಿಚಿಕೊಂಡ ಅವಳ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೈ ಕಡ್ಡಿಯ ಹಾಗೆ, ಮಾತು ಕಡ್ಡಿ ಮುರಿದ ಹಾಗೆ; ಅದಕ್ಕೇ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

"ನಾನು ತಮಾಷೆಗೆ ಬಂದಿಲ್ಲ ಧಣಿ. ಡಾಕ್ಟ್ರು ಹೇಳಿದ್ದಾರೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವೀಲಿ ಸ್ವಲ್ಪ ಉಳ್ಕೊಂಡಿದೆ. ಸದ್ದಿಂದ ದೂರ ಇಟ್ರೆ ಅದಾದ್ರೂ ಉಳಿಯುತ್ತಂತೆ. ಡ್ರಮ್ ಹೊಡೆಯೋ ಜಾಗಾನ ಗೇಟಿನ ಹತ್ರ ಹಾಕ್ಸಿ. ಅಲ್ಲಿ ಖಾಲಿ ಬಿದ್ದಿದೆ."

"ಅಲ್ಲಿ ನನ್ನ ಕಾರು ನಿಲ್ಲುತ್ತೆ."

"ಕಾರಿಗೆ ಕಿವಿ ಇಲ್ವಲ್ಲ ಧಣಿ."

ನಗು ಅಲ್ಲಿಗೆ ನಿಂತಿತು. ಧಣಿ ಎದ್ದು ಬಾಗಿಲವರೆಗೆ ಬಂದ. "ಬಾಯಿ ಉದ್ದ ಆಯ್ತು ಮುಂಡೇದಕ್ಕೆ. ಇರೋಕೆ ಮನೆ ಕೊಟ್ಟು, ತಿನ್ನೋಕೆ ಕೆಲಸ ಕೊಟ್ಟು, ಈಗ ನಿನ್ನ ಕೂಸಿಗೆ ಜೋಗುಳ ಬೇರೆ ಹಾಡ್ಸ್ಬೇಕಾ? ಸದ್ದು ಬೇಡ ಅಂದ್ರೆ ಗಂಟುಮೂಟೆ ಕಟ್ಟು. ಹೋಗು, ಕೆಲಸ ನೋಡು."

ಅವಳು ಹೋಗಿ ಕೆಲಸ ನೋಡಿದಳು. ಎಣ್ಣೆ, ಬಣ್ಣ, ಆಸಿಡ್ಡು ತುಂಬಿಕೊಂಡು ಎಲ್ಲೆಲ್ಲೋ ಹೋಗಿ ಖಾಲಿಯಾದ ಕಬ್ಬಿಣದ ಡ್ರಮ್ಮುಗಳು ಈ ಅಂಗಳಕ್ಕೆ ಬರುತ್ತಿದ್ದವು. ಹೆಂಗಸರು ಅವುಗಳ ಒಳಗೆ ಸೋಪು ನೀರು, ಸರಪಳಿ ಹಾಕಿ ಉರುಳಿಸಿ ತೊಳೆಯುವುದು, ಗಂಡಸರು ನೆಗ್ಗಿದ್ದನ್ನು ಸುತ್ತಿಗೆಯಿಂದ ಹೊಡೆದು ಸರಿಮಾಡುವುದು, ಬಣ್ಣ ಬಳಿದು ಹೊಸದರಂತೆ ಮಾರುವುದು ಧಣಿ. ಹೊಡೆಯುವ ಕಟ್ಟೆಯ ಹಿಂದೆ ಒಂದು ಸಾಲು ತಗಡಿನ ಮನೆಗಳು. ಅವೂ ಧಣಿಯವೇ. ಅಂಗಳದ ಇನ್ನೊಂದು ಮಗ್ಗುಲಲ್ಲಿ ಮೊದಲು ಪೊದೆ ಇತ್ತು. ಈಗ ಅಲ್ಲಿ ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಅಪಾರ್ಟ್‌ಮೆಂಟು ಎದ್ದಿತ್ತು.

ಕಡ್ಡಿಗೆ ಧಣಿಯ ಮೇಲೆ ಇದ್ದಷ್ಟೇ ಸಿಟ್ಟು ತನ್ನ ಮೇಲೂ ಇತ್ತು. ಮಗು ಹುಟ್ಟಿದ ಮೇಲೆ ಅವಳು ಅದನ್ನು ಕಟ್ಟೆಯ ಪಕ್ಕದ ನೆರಳಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳು. ಅಷ್ಟು ಸದ್ದಿನಲ್ಲೂ ಕೂಸು ಕಿಮಕ್ ಅನ್ನದೆ ನಿದ್ದೆ ಮಾಡುವುದು ನೋಡಿ ಹಿಗ್ಗಿ ಹೀರೇಕಾಯಿಯಾಗಿದ್ದಳು. "ನನ್ನ ಬಂಗಾರ, ಸಿಡಿಲು ಹೊಡೆದ್ರೂ ಏಳಲ್ಲ. ತಾಯಿ ಕಷ್ಟ ಗೊತ್ತು ಅದಕ್ಕೆ" ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದಳು. ಚುಚ್ಚುಮದ್ದಿಗೆಂದು ಆಸ್ಪತ್ರೆಗೆ ಹೋದಾಗ ನರ್ಸ್ ಕೈಯಿಂದ ತಟ್ಟೆ ಜಾರಿ ಬಿತ್ತು. ಸಾಲಿನಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ಅತ್ತವು. ಇವಳ ಕೂಸು ಮಾತ್ರ ಅಮ್ಮನ ಹೆಬ್ಬೆರಳು ಚೀಪುತ್ತಾ ಕೂತಿತ್ತು. ಆಗಲೂ ಕಡ್ಡಿ ಹೆಮ್ಮೆಯಿಂದಲೇ ಸುತ್ತ ನೋಡಿದ್ದಳು. ನರ್ಸ್ ಮುಖ ನೋಡಿದ ಮೇಲೆ ಅವಳ ಎದೆ ಧಸಕ್ಕೆಂದಿತು.

ಬಲಗಿವಿಯ ಹತ್ತಿರ ಬಾಯಿಟ್ಟು "ಕೂಸೇ" ಎಂದರೆ ಈಗಲೂ ತಿರುಗುತ್ತಿತ್ತು. ತಿರುಗಿ, ಯಾರೋ ಬಹಳ ದೂರದಿಂದ ಕರೆದರೇನೋ ಎಂಬಂತೆ ಹುಡುಕಿ, ಅಮ್ಮನನ್ನು ಕಂಡು ನಗುತ್ತಿತ್ತು. ಆ ತಿರುಗುವುದೊಂದು ಉಳಿದರೆ ಸಾಕು ಎಂದು ಅವಳು ಕಂಡಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು.

ಬಾಲ್ಕನಿ ಅಮ್ಮ ಬಂದದ್ದು ಆ ದಿನಗಳಲ್ಲಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಕಿವಿ ಮುಚ್ಚಿಕೊಂಡು ಅಂಗಳ ನೋಡುತ್ತಿದ್ದ ಆ ಹೆಂಗಸಿಗೆ ಕೆಲಸದವರು ಇಟ್ಟ ಹೆಸರು ಅದು. ಊಟದ ಬಿಡುವಿನಲ್ಲಿ, ಮೇಸ್ತ್ರಿ ಇಲ್ಲದ ಹೊತ್ತು ನೋಡಿಕೊಂಡು, ಎಣ್ಣೆ ಕೊಚ್ಚೆಯಲ್ಲಿ ಚಪ್ಪಲಿ ಎತ್ತೆತ್ತಿ ಇಡುತ್ತಾ ಕಡ್ಡಿಯ ಮನೆ ಬಾಗಿಲಿಗೆ ಬಂದಳು. ಬೋರಲು ಹಾಕಿದ್ದ ಡ್ರಮ್ಮಿನ ಮೇಲೆ ಕೂತು ನೀರು ಕೇಳಿ ಕುಡಿದಳು.

"ನನ್ನ ಮೊಮ್ಮಗನಿಗೆ ಮೂರು ತಿಂಗಳು. ಒಂದೊಂದು ಏಟಿಗೂ ಬೆಚ್ಚಿ ಬೀಳ್ತಾನೆ. ಹಾಲು ಕುಡಿಯಲ್ಲ, ಮಲಗಲ್ಲ" ಎಂದಳು. ಆಮೇಲೆ ಚಾಪೆಯ ಮೇಲೆ ಮಲಗಿದ್ದ ಕೂಸನ್ನು ನೋಡಿ, "ನಿನ್ನ ಮಗಳು ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾಳೆ. ಪುಣ್ಯ ಮಾಡಿದ್ದೀಯ ತಂಗಿ" ಎಂದಳು.

"ಅವಳಿಗೆ ಕೇಳ್ಸಲ್ಲ ಅಮ್ಮಾವ್ರೇ."

ಬಾಲ್ಕನಿ ಅಮ್ಮನ ಕಣ್ಣು ತುಂಬಿ ಬಂತು. ಅದು ಸುಳ್ಳು ಅಳುವಲ್ಲ. ಆಮೇಲೆ ಎಷ್ಟೋ ಸಲ ಕಡ್ಡಿ ಅದನ್ನು ಸುಳ್ಳೆಂದುಕೊಳ್ಳಲು ನೋಡಿದಳು, ಆಗಲಿಲ್ಲ. ಸುಳ್ಳಾಗಿದ್ದರೆ ಮರೆಯುವುದು ಸುಲಭವಿತ್ತು.

ಅಪಾರ್ಟ್‌ಮೆಂಟಿನವರ ದೂರಿಗೆ ಸದ್ದು ಅಳೆಯುವ ಸರ್ಕಾರಿ ಸಾಹೇಬರು ಒಮ್ಮೆ ಬಂದು ಹೋಗಿದ್ದರಂತೆ. ಯಾರೋ ಧಣಿಗೆ ಮೊದಲೇ ಸುಳಿವು ಕೊಟ್ಟಿದ್ದರಿಂದ ಮೇಸ್ತ್ರಿ ಅವತ್ತು ಮರದ ಕೊಡತಿಯಲ್ಲಿ ತೆಳು ಡ್ರಮ್ಮು ಹೊಡೆಸಿದ್ದ. ಮೀಟರು ಏನೂ ತೋರಿಸಲಿಲ್ಲ. "ದಪ್ಪ ಡ್ರಮ್ಮು ಯಾವತ್ತು ಹೊಡೀತಾರೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಒಳಗಿನವರು ಒಬ್ಬರು ಹೇಳಿದ್ರೆ ಆಯ್ತು. ಈ ಹೊಡೆಯೋ ಕೆಲಸಾನೇ ಇಲ್ಲಿಂದ ಎತ್ತಿಸ್ತೀವಿ. ನಿಮ್ಮ ಮನೆ ಹತ್ರಾನೂ ಅಳೆಸ್ತೀವಿ. ಇಬ್ಬರದೂ ಒಂದೇ ನೋವಲ್ವಾ ತಂಗಿ? ನಿನ್ನ ಸುದ್ದಿ ನನ್ನ ಬಾಯಿಂದ ಬರಲ್ಲ" ಎಂದಳು ಬಾಲ್ಕನಿ ಅಮ್ಮ.

ದಪ್ಪ ಡ್ರಮ್ಮಿನ ದಿನ ಮನೆಯ ಮೇಲೆ ಕೆಂಪು ಬಟ್ಟೆ ಒಣಗಹಾಕುವುದು ಎಂದು ತೀರ್ಮಾನವಾಯಿತು.

ಕಡ್ಡಿಯ ಗಂಡ ಕಟ್ಟೆಯಲ್ಲಿ ಸುತ್ತಿಗೆ ಹಿಡಿಯುವವನು. ವಿಷಯ ತಿಳಿದು ತಲೆ ಚಚ್ಚಿಕೊಂಡ. "ದೊಡ್ಡೋರ ಸಹವಾಸ ಬೇಡ ಕಣೇ. ಅವರಿಗೆ ನಿದ್ದೆ ಕಮ್ಮಿ ಆಗಿದೆ, ನಮಗೆ ಕೂಳೇ ಕಮ್ಮಿ. ಧಣಿಗೆ ಗೊತ್ತಾದ್ರೆ ಚರ್ಮ ಸುಲೀತಾನೆ." ಗುಟ್ಟು ಹೇಳುತ್ತಿದ್ದೇನೆಂದು ಅವನ ಎಣಿಕೆ, ಆದರೆ ಮೂರು ಮನೆಯಾಚೆಗೆ ಕೇಳುತ್ತಿತ್ತು. ಕಡ್ಡಿ ಅವನ ಬಾಯಿ ಮುಚ್ಚಿದಳು. ಅವನು ಪಿಸುಮಾತಾಡುವುದನ್ನು ಮರೆತೇ ವರ್ಷಗಳಾಗಿದ್ದವು.

ಕೆಂಪು ಬಟ್ಟೆ ಹಾರಿತು. ಮೀಟರ್ ಸಾಹೇಬ ಬಾಲ್ಕನಿಯಲ್ಲಿ ಅಳೆದ. ಹುಬ್ಬು ಮೇಲೇರಿಸಿಕೊಂಡು ಅಂಗಳಕ್ಕೂ ಇಳಿದು ಬಂದ. ಹಿಂದೆ ಬಾಲ್ಕನಿ ಅಮ್ಮ. ಮೇಸ್ತ್ರಿ ಧಣಿಯನ್ನು ಕರೆಯಲು ಓಡಿದ. ಸಾಹೇಬ ಕಡ್ಡಿಯ ಗಂಡನ ಭುಜ ತಟ್ಟಿ, ಕಿವಿಯ ಹತ್ತಿರ ಕೂಗಿ ಕೇಳಿದ: "ಸದ್ದಿಂದ ನಿಮಗೆ ತೊಂದರೆ ಇದೆಯಾ?"

"ಮೊದ್ಲು ಬಾಳ ಇತ್ತು ಸಾರ್. ಈಗೀಗ ಕಮ್ಮಿ ಆಗಿದೆ."

ಸಾಹೇಬ ತಲೆಯಾಡಿಸಿ ಬರೆದುಕೊಂಡ.

"ಸದ್ದು ಕಮ್ಮಿ ಆಗಿಲ್ಲ ಸಾರ್, ಇವನ ಕಿವಿ ಕಮ್ಮಿ ಆಗಿದೆ" ಎಂದಳು ಕಡ್ಡಿ.

"ನಿನ್ನನ್ನ ಕೇಳಿದ್ನಾ?"

"ಕೇಳಿಲ್ಲ. ಆದ್ರೂ ಹೇಳ್ತೀನಿ. ಆ ಮೀಟರನ್ನ ನಮ್ಮ ಮನೆ ಒಳಗೂ ಹಿಡೀರಿ ಸಾರ್. ಇಲ್ಲೇ, ನಾಕು ಹೆಜ್ಜೆ."

"ಇದು ಕಾರ್ಖಾನೆ ಜಾಗ. ಇದಕ್ಕೆ ಬೇರೆ ಲೆಕ್ಕ. ಮನೆಗಳಿರೋ ಕಡೆಗೆ ಬೇರೆ ಲೆಕ್ಕ."

"ಇದೂ ಮನೇನೇ ಸಾರ್. ಒಲೆ ಮೇಲೆ ಅನ್ನ ಬೇಯ್ತಾ ಇದೆ, ಬಂದು ನೋಡಿ."

"ನಕ್ಷೇಲಿ ಇಲ್ಲಮ್ಮ" ಎಂದು ಸಾಹೇಬ ಮೀಟರನ್ನು ಚೀಲಕ್ಕೆ ಹಾಕಿದ. ಕಡ್ಡಿ ಬಾಲ್ಕನಿ ಅಮ್ಮನ ಮುಖ ನೋಡಿದಳು. "ಮೊದಲು ನಮ್ಮದೊಂದು ಆಗ್ಲಿ ತಂಗಿ. ಆಮೇಲೆ ನಿಮ್ಮದು" ಎಂದು ಆಕೆ ಮೆಲ್ಲಗೆ ಹೇಳಿದಳು. ಕಡ್ಡಿ ನಂಬಿದಳು. ನಂಬದೆ ಇನ್ನೇನು ಮಾಡುವುದಿತ್ತು?

ಸ್ವಲ್ಪ ದಿನಕ್ಕೆ ಹೊಡೆಯುವ ಕೆಲಸ ನಿಂತಿತು. ಕಟ್ಟೆ ಕಿತ್ತರು. ಲಾರಿಯಲ್ಲಿ ಕಬ್ಬಿಣದ ಕಂಬ, ಒಳಗೆ ಹತ್ತಿಯಂಥದ್ದೇನೋ ತುಂಬಿದ ದಪ್ಪ ತಗಡು ಬಂದವು. ಎಲ್ಲಿಗೋ ಸಾಗಿಸುವುದಕ್ಕೆ ಇರಬೇಕೆಂದು ಕಡ್ಡಿ ಅಂದುಕೊಂಡಳು. ಆ ವಾರ ಅಂಗಳದಲ್ಲಿ ಕಾಗೆ ಕೂಗುವುದು ಕೇಳಿಸಿತು. ಬಾಗಿಲಲ್ಲಿ ನಿಂತು ಜೋರಾಗಿ ಕರೆದರೆ ಕೂಸು ಒಂದೆರಡು ಸಲ ತಿರುಗಿಯೂ ತಿರುಗಿತು. ಕಡ್ಡಿ ಅದನ್ನೆತ್ತಿಕೊಂಡು ಕುಣಿದಾಡಿದಳು. ಗಂಡನೂ ಸೋತೆನೆಂದು ಒಪ್ಪಿಕೊಂಡ.

ಆಮೇಲೆ, ಹೊಡೆಯುವವರಿಗೆ ಹೊಸ ಕೊಟ್ಟಿಗೆ ಕಟ್ಟಲು ಕಂಬ ನೆಟ್ಟರು. ಅಪಾರ್ಟ್‌ಮೆಂಟಿನ ಕಡೆಯಲ್ಲ, ಅಂಗಳದ ಹಿಂಬದಿಗೆ, ಮನೆಗಳ ಸಾಲಿಗೆ ಒತ್ತಿ. ಎಡಕ್ಕೆ, ಬಲಕ್ಕೆ, ಅಪಾರ್ಟ್‌ಮೆಂಟಿನ ದಿಕ್ಕಿಗೆ ಎತ್ತರಕ್ಕೆ ತಗಡು ಬಡಿದರು. ಗಾಳಿ ಬೇಕು, ಡ್ರಮ್ಮು ಉರುಳಿಸಲು ದಾರಿ ಬೇಕು ಎಂದು ಒಂದು ಕಡೆ ತೆರೆದು ಬಿಟ್ಟರು. ಆ ಕಡೆ ಕಡ್ಡಿಯ ಬಾಗಿಲಿತ್ತು.

ಧಣಿ ಖುದ್ದು ಬಂದು ನಿಂತು ನೋಡಿದ. ಅವತ್ತು ಅವನು ಕೂಗಾಡಲಿಲ್ಲ.

"ಮೇಲಿನ ಅಮ್ಮ ಒಳ್ಳೇ ಹೆಂಗಸು ಕಣೇ. ಅವರ ಮನೇಲೇ ರಾಜಿ ಆಯ್ತು, ಜ್ಯೂಸು ಕೊಟ್ರು. ನಾನು ಸುಮ್ನೆ ಬಗ್ಗಲ್ಲ ಅಂತ ಗೊತ್ತಾದಾಗ, 'ನಿಮ್ಮ ಕೆಲಸದವಳೇ ನಮಗೆ ಸುಳಿವು ಕೊಟ್ಟಿದ್ದು, ಬೇಕಾದ್ರೆ ಸಾಕ್ಷಿಗೆ ಕರೀತೀವಿ' ಅಂತ ಹೆದರ್ಸಿದ್ರು. ಕೆಂಪು ಬಟ್ಟೆ ಒಣಗಾಕಿದ್ಯಂತೆ?" ಅವನು ಹತ್ತಿರ ಬಂದ. "ನನ್ನ ಅನ್ನ ತಿಂದು ನನಗೇ ಬತ್ತಿ ಇಡ್ತೀಯಾ ಹಾದರಗಿತ್ತಿ? ನಾಕನೇ ಗೋಡೆ ಹಾಕೋಕೂ ತಗಡಿತ್ತು. ನಿನಗೋಸ್ಕರ ಅಂತಾನೇ ಬಿಟ್ಟಿದ್ದೀನಿ. ಕೇಳ್ಕೊಂಡಿರು."

ಸುತ್ತಿಗೆಗಳು ಮತ್ತೆ ಶುರುವಾದವು. ಮೂರು ಗೋಡೆಗೆ ಬಡಿದ ಸದ್ದೆಲ್ಲ ಒಟ್ಟಾಗಿ ತೆರೆದ ಕಡೆಯಿಂದ ನುಗ್ಗಿತು. ಕಡ್ಡಿಯ ಮನೆಯಲ್ಲಿ ಹಲಗೆಯ ಮೇಲಿಟ್ಟ ಲೋಟ ತಾನೇ ತಾನಾಗಿ ಜರುಗಿ ಕೆಳಗೆ ಬಿತ್ತು. ಒಳಗೆ ಹೊಡೆಯುವವರು ಸಂಜೆ ಹೊರಗೆ ಬಂದಾಗ ಕುಡಿದವರ ಹಾಗೆ ತೂರಾಡುತ್ತಿದ್ದರು. ಮೀಟರ್ ಸಾಹೇಬ ಬಾಲ್ಕನಿಗೆ ಬಂದು ಅಳೆದು, ಎಲ್ಲ ಮಿತಿಯಲ್ಲಿದೆ ಎಂದು ಬರೆದು ಹೋದ.

ಕಡ್ಡಿ ಕೂಸನ್ನೆತ್ತಿಕೊಂಡು ಅಪಾರ್ಟ್‌ಮೆಂಟಿನ ಗೇಟಿಗೆ ಹೋದಳು. ಕಾವಲುಗಾರ ಒಳಗೆ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಬಾಲ್ಕನಿ ಅಮ್ಮ ಇಳಿದು ಬಂದು, ಗೇಟಿನ ಒಳಗೇ ನಿಂತಳು. ನಿದ್ದೆಯಾಗಿ ಮುಖ ತಿಳಿಯಾಗಿತ್ತು.

"ನೋಡಮ್ಮ, ಸಮಸ್ಯೆ ಬಗೆಹರಿದಿದೆ ಅಲ್ವಾ? ಮೀಟರೇ ಹೇಳ್ತಿದೆ."

"ನಿಮ್ಮ ಕಡೆ ಬಗೆಹರೀತು. ನಮ್ಮ ಕಡೆ ತಂದು ಸುರಿದಿರಿ. ನನ್ನ ಸುದ್ದೀನೂ ಹೇಳಿದ್ರಿ."

"ನನ್ನ ಕೈಲಾದಷ್ಟು ಮಾಡಿದೆ. ನಮ್ಮವರು ಎಲ್ಲಿ ಒಪ್ತಾರೆ? ಎಲ್ಲಾ ನನ್ನೊಬ್ಬಳ ಕೈಲಿದೆಯಾ?" ಆಕೆ ಕೂಸಿನ ಕಡೆ ನೋಡಲಿಲ್ಲ. ಚೀಲದಿಂದ ಕಿವಿ ಮುಚ್ಚುವ ಉಣ್ಣೆ ಟೋಪಿಯೊಂದನ್ನು ತೆಗೆದಳು. "ನನ್ನ ಮೊಮ್ಮಗನದು. ಅವನಿಗೆ ಚಿಕ್ಕದಾಯ್ತು. ಇವಳಿಗೆ ಹಾಕು, ಸ್ವಲ್ಪ ತಡೆಯುತ್ತೆ."

ಇವಳ ಮಗಳು ಆ ಮೊಮ್ಮಗನಿಗಿಂತ ಒಂದು ವರ್ಷ ದೊಡ್ಡವಳು. ಕಡ್ಡಿಗೆ ಕೂಗಾಡಬೇಕೆನಿಸಿತು. ಟೋಪಿಯನ್ನು ಕಾವಲುಗಾರನ ಕುರ್ಚಿಯ ಮೇಲಿಟ್ಟು ಬಂದಳು. ಧಣಿ ಮಾಡಿದ್ದು ಅವಳನ್ನು ಇಷ್ಟು ಸುಟ್ಟಿರಲಿಲ್ಲ. ಅವನು ಯಾವತ್ತೂ ತಂಗಿ ಎಂದು ಕರೆದವನಲ್ಲ.

ಮಳೆಗಾಲ ಮುಗಿಯಿತು. ಬೇರೆ ಮನೆ ಹುಡುಕಿದರು, ಸಿಗಲಿಲ್ಲ. ಧಣಿಯ ಕೆಲಸ ಬಿಟ್ಟವರಿಗೆ ಆ ಸುತ್ತಿನಲ್ಲಿ ಬೇರೆ ಕೆಲಸವೂ ಇರಲಿಲ್ಲ. ಒಂದು ಬೆಳಿಗ್ಗೆ, ಸುತ್ತಿಗೆ ಶುರುವಾಗುವ ಮುಂಚೆ, ಕೂಸು ಡಬ್ಬಿಯ ಮುಚ್ಚಳ ಉರುಳಿಸುತ್ತಾ ಕೂತಿತ್ತು. ಕಡ್ಡಿ ಹಿಂದಿನಿಂದ ಹೋಗಿ ಬಲಗಿವಿಯ ಹತ್ತಿರ ಬಾಯಿಟ್ಟು "ಕೂಸೇ" ಎಂದಳು. ಕೂಸು ಮುಚ್ಚಳ ಉರುಳಿಸಿತು. ಮತ್ತೆ ಕರೆದಳು. ಕಿರುಚಿದಳು. ಉಸಿರು ತಾಗಿ ಕಚಗುಳಿಯಾಗಿ ಕೂಸು ತಿರುಗಿತು. ಅಮ್ಮನ ಬಾಯಿ ದೊಡ್ಡದಾಗಿ ತೆರೆದು ಮುಚ್ಚುವುದನ್ನು ಕಂಡು ಆಟವೆಂದುಕೊಂಡು ಕೇಕೆ ಹಾಕಿ ನಕ್ಕಿತು. ಅದೂ ತನ್ನ ಬಾಯನ್ನು ಹಾಗೇ ತೆರೆದು ಮುಚ್ಚಿ ತೋರಿಸಿತು.

ಕಡ್ಡಿ ಅಳಲಿಲ್ಲ. ಮಗುವನ್ನು ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟಳು. ಗಂಡನ ಚೀಲದಿಂದ ಸ್ಪಾನರು ತೆಗೆದುಕೊಂಡು ಕೊಟ್ಟಿಗೆಯ ಹಿಂಬದಿಗೆ ಹೋದಳು. ಒಳಗೆ ಸುತ್ತಿಗೆಗಳು ಶುರುವಾಗಿದ್ದವು. ಡ್ರಮ್ಮಿನ ಮೇಲೆ ಡ್ರಮ್ಮು ಪೇರಿಸಿ ಹತ್ತಿ, ಅಪಾರ್ಟ್‌ಮೆಂಟಿನ ದಿಕ್ಕಿನ ಗೋಡೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಮೊದಲ ತಗಡು ವಾಲಿ, ಕೆಳಗೆ ಬಿತ್ತು.

ತೆರಪಿನಿಂದ ಸದ್ದು ಅವಳ ಎದೆಗೆ ಗುದ್ದಿ, ದಾಟಿ, ಆಚೆ ಹೋಯಿತು.

ಮೇಸ್ತ್ರಿ ಓಡಿ ಬಂದ. "ಇಳಿಯೇ ಬೋಳಿ. ಯಾರಪ್ಪನ ಮನೆ ಗೋಡೆ ಅಂದ್ಕೊಂಡೆ?" ಅವಳು ಇಳಿಯಲಿಲ್ಲ. ಹತ್ತಲು ಹೋದವನು ಡ್ರಮ್ಮು ಅಲುಗಾಡಿದ್ದಕ್ಕೆ ಹೆದರಿ ಕೆಳಗಿಳಿದ. ಮೇಲೆ ಬಾಲ್ಕನಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದವು. ಮೇಸ್ತ್ರಿ ಕೊಟ್ಟಿಗೆಯ ಮುಂದಕ್ಕೆ ಓಡಿದ. "ನಿಲ್ಸ್ರೋ. ಸುತ್ತಿಗೆ ಕೆಳಗಿಡ್ರೋ ಸೂಳೆಮಕ್ಳಾ. ಧಣಿ ಬರೋವರೆಗೂ ಯಾರೂ ಹೊಡೀಬ್ಯಾಡಿ."

ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ಯಾರೂ ನಿಲ್ಲಿಸಲಿಲ್ಲ. ಕಡ್ಡಿಯ ಗಂಡ ತೆರಪಿನಲ್ಲಿ ಅವಳನ್ನು ನೋಡಿದ. ಅವಳ ಮುಖ ನೋಡಿದ್ದೇ ಅವನಿಗೆ ಕೂಸಿನ ವಿಷಯ ತಿಳಿದುಹೋಯಿತು. ಹಣೆಯ ಬೆವರು ಒರೆಸಿಕೊಂಡು, ಸಣ್ಣ ಸುತ್ತಿಗೆ ಬಿಸಾಕಿ, ಎರಡೂ ಕೈಯಲ್ಲಿ ಹಿಡಿಯುವ ದೊಡ್ಡದನ್ನು ಎತ್ತಿಕೊಂಡ. ಅವನ ಪಕ್ಕದವನೂ ಎತ್ತಿಕೊಂಡ.

ಬಾಲ್ಕನಿ ಅಮ್ಮ ಮೊಮ್ಮಗನನ್ನೆತ್ತಿಕೊಂಡು ಹೊರಗೆ ಬಂದಿದ್ದಳು. ಮಗು ಬೆಚ್ಚಿ ಕೈಕಾಲು ಸೆಟೆದು, ಬಾಯಿ ಅಗಲಕ್ಕೆ ತೆರೆದು ಅಳುತ್ತಿತ್ತು. ಆ ಅಳು ಇಲ್ಲಿಯವರೆಗೆ ಬರಲಿಲ್ಲ. ಕಡ್ಡಿಯ ಕೈ ನಿಂತಿತು. ಎಷ್ಟು ಚೆನ್ನಾಗಿ ಕೇಳ್ಸುತ್ತೆ ಇದಕ್ಕೆ, ಎಂದುಕೊಂಡಳು. ಹೊಟ್ಟೆ ಉರಿಯಿತು, ಪಾಪ ಎಂದೂ ಅನ್ನಿಸಿತು. ಬಾಲ್ಕನಿ ಅಮ್ಮ ಒಂದು ಕೈಯಿಂದ ಮಗುವಿನ ಕಿವಿ ಮುಚ್ಚಿ, ಇನ್ನೊಂದು ಕೈಯನ್ನು ಇವಳ ಕಡೆ ಚಾಚಿ ಬೇಡ, ಬೇಡ ಎಂದು ಆಡಿಸುತ್ತಿದ್ದಳು. ಬಾಯಿ ಅಲುಗುತ್ತಿತ್ತು. ತಂಗಿ ಎನ್ನುತ್ತಿದ್ದಿರಬೇಕು.

ಕಡ್ಡಿ ಸ್ಪಾನರನ್ನು ಎರಡನೇ ತಗಡಿನ ಬೋಲ್ಟಿಗೆ ಹಾಕಿದಳು.