ಎದುರುಗಡೆ ನಿಂತು ಕಲಿತ ಗಂಗಯ್ಯ

ಬಿ.ಟಿ.ಎಂ.ನಲ್ಲಿದ್ದ ಸಂಜೀವಯ್ಯನವರ ಮರಗೆಲಸದ ಶೆಡ್ಡಲ್ಲಿ ಡ್ರಾಯರ್ ಅಂದ್ರೆ ಗಂಗಯ್ಯ. ಹದಿನಾಲ್ಕು ವರ್ಷದಿಂದ ಹಾಗೇನೇ. ಉಳಿ ಹಿಡಿದು ಮೂಲೆ ಮೂಲೆಗೂ ಹಲ್ಲು ಕೆತ್ತಿ, ಒಂದರೊಳಗೊಂದು ಕೂರಿಸಿ, ಒಂದು ಮೊಳೆ ಇಲ್ದೆ ನಿಲ್ಲಿಸೋನು. ದಿನಕ್ಕೆ ಎರಡಾದ್ರೆ ಹೆಚ್ಚು. ಆದ್ರೂ ಜಯನಗರದ ಆಂಟಿಯರು "ಗಂಗಯ್ಯನ ಕೈಲೇ ಮಾಡ್ಸಿ" ಅಂತ ಹೇಳಿ ಕಳಿಸೋರು.

ಎರಡು ಸಾವಿರದ ಎರಡರಲ್ಲಿ ಯಾದಗಿರಿ ಕಡೆಯಿಂದ ಮೌನೇಶ ಅನ್ನೋ ಹೊಸ ಬಡಗಿ ಬಂದ. ಬಂದ ತಿಂಗಳಲ್ಲೇ ಹಳೇ ಟೇಬಲ್ಲಿಗೆ ತೂತು ಕೊರೆದು, ಮರ ಕೊರೆಯೋ ರೂಟರ್ ಮೇಷಿನ್ನ ಅದರಡಿ ತಲೆಕೆಳಗೆ ನೇತುಹಾಕಿದ. ಮೇಲೆ ಕಾಣೋದು ತಿರುಗೋ ಬಿಟ್ಟಿನ, ಅಂದ್ರೆ ಕೊರೆಯೋ ಅಲಗಿನ, ತುದಿ ಮಾತ್ರ, ಅದರ ಹಿಂದೊಂದು ಮರದ ಪಟ್ಟಿ. ಹಲಗೇನ ಪಟ್ಟಿಗೆ ಒತ್ತಿ ತಳ್ಳಿದ್ರೆ ಝುಯ್ ಅಂತ ಜಾಯಿಂಟ್ ರೆಡಿ. ದಿನಕ್ಕೆ ಹತ್ತು ಡ್ರಾಯರ್.

ಗಂಗಯ್ಯಂಗೆ ಹೊಟ್ಟೆ ಉರಿದುಹೋಯ್ತು. ಟೀ ತರೋ ಪಂಕಜಕ್ಕ ಕೂಡ ಈಗ ಮೊದಲ ಲೋಟ ಮೌನೇಶಂಗೇ ಕೊಡೋಳು. ಅದನ್ನೂ ನುಂಗ್ಕೊಂಡ. ಆದ್ರೆ ಜೆ.ಪಿ. ನಗರದ ಮನೆಯೊಂದಕ್ಕೆ ಮೂವತ್ತು ಡ್ರಾಯರ್ ಆರ್ಡರ್ ಬಂದಾಗ ಸಂಜೀವಯ್ಯ, "ಡ್ರಾಯರೆಲ್ಲಾ ಮೌನೇಶಂಗಿರ್ಲಿ. ಗಂಗಯ್ಯ, ನೀನು ಬಾಗಿಲು ನೋಡ್ಕೊ" ಅಂದುಬಿಟ್ರು.

ಬಾಗಿಲು. ಯಾರು ಬೇಕಾದ್ರೂ ಮಾಡೋ ಕೆಲಸ.

ಹೇಳ್ಕೊಡು ಅಂತ ಕೇಳೋಕೆ ಗಂಗಯ್ಯಂಗೆ ಬಾಯಿ ಬರ್ಲಿಲ್ಲ. ಅವನು ಕೆಲಸ ಮಾಡೋ ಜಾಗ ಮೌನೇಶನ ಟೇಬಲ್ಲಿಗೆ ಎದುರಾಬದುರು. ಬಾಗಿಲು ಉಜ್ಜೋ ಹಾಗೆ ತಲೆ ಬಗ್ಗಿಸ್ಕೊಂಡು ಎಂಟು ದಿನ ಕದ್ದು ನೋಡಿದ. ಬಿಟ್ಟು ಬದಲಾಯ್ಸೋ ಮುಂಚೆ ಪ್ಲಗ್ ಕೀಳೋದು, ಬೆರಳು ಹತ್ರ ಹೋಗದ ಹಾಗೆ ಹಿಂದಿಂದ ಒಂದು ಮರದ ತುಂಡಲ್ಲಿ ತಳ್ಳೋದು, ಎಲ್ಲಾ ಬಾಯಿಪಾಠ ಆಯ್ತು. ಇಷ್ಟೇ ತಾನೆ, ಇದಕ್ಕಿಷ್ಟು ಮೆರೀತಾನಾ ಅನ್ಕೊಂಡ.

ಒಂಬತ್ತನೇ ದಿನ ಮಧ್ಯಾಹ್ನ ಮೌನೇಶ ಊಟಕ್ಕೆ ಕೈ ತೊಳ್ಯೋಕೆ ಹೋದ. ಗಂಗಯ್ಯ ಟೇಬಲ್ ಮುಂದೆ ಬಂದು ಸ್ವಿಚ್ ಹಾಕಿದ. ತೇಗದ ಹಲಗೆ ಇಟ್ಟು, ತುಂಡಲ್ಲಿ ಎಡದಿಂದ ಬಲಕ್ಕೆ ತಳ್ಳಿದ. ಬಿಟ್ಟು ತಾಕಿದ್ದೇ ತಡ, ಹಲಗೆ ಕಿತ್ಕೊಂಡು ಹಾರಿ ಬಲಗಡೆ ಗೋಡೆಗೆ ಬಡಿದು ಎರಡು ಹೋಳಾಯ್ತು.

ಮೌನೇಶ ಒದ್ದೆ ಕೈಯನ್ನ ಅಂಗಿಗೆ ಒರೆಸ್ಕೊಳ್ತಾ ಓಡಿಬಂದು ಸ್ವಿಚ್ ಆರಿಸಿದ. ಗಂಗಯ್ಯನ ಎರಡೂ ಕೈ ತಿರುಗಿಸಿ ನೋಡಿದ.

"ಬೆರಳೆಲ್ಲಾ ಅದಾವಲ್ರೀ ಅಣ್ಣಾರೆ. ತುಂಡು ಹಿಡ್ದಿದ್ದಕ್ಕ ಉಳಿದ್ರಿ. ಯಾ ಕಡೆಯಿಂದ ತಳ್ಳಿದ್ರಿ?"

"ನೀನು ತಳ್ಳೋ ಕಡೆಯಿಂದ್ಲೇ. ಎಡದಿಂದ ಬಲಕ್ಕೆ."

"ನಾ ಬಲದಿಂದ ಎಡಕ್ಕ ತಳ್ತೀನ್ರಿ. ಬಿಟ್ಟು ತಿರುಗೋದಕ್ಕ ಎದುರು ತಳ್ಳಬೇಕು. ಅದು ಹೋಗೋ ಕಡೀಗೇ ತಳ್ಳಿದ್ರ ಹಲಿಗಿ ಕಸ್ಗೊಂಡು ಓಡ್ತದ." ಮೌನೇಶ ಹೋಳುಗಳನ್ನ ಎತ್ಕೊಂಡ. "ನೀವು ಎಲ್ಲಿಂದ ನೋಡಿದ್ರಿ?"

ಗಂಗಯ್ಯನ ಕಣ್ಣು ತಾನಾಗೇ ತನ್ನ ಜಾಗದ ಕಡೆ ಹೋಯ್ತು. ಎದುರುಗಡೆ ನಿಂತವನಿಗೆ ಎಡಬಲ ಅದಲುಬದಲು. ಎಂಟು ದಿನ ಉಲ್ಟಾ ಕಲ್ತಿದ್ದ. ಕಿವಿ ತುದಿವರೆಗೂ ಬಿಸಿಯಾಯ್ತು.

ಸದ್ದು ಕೇಳಿ ಸಂಜೀವಯ್ಯ ಬಂದ್ರು. "ಏನದು?"

"ನಂದೇ ತಪ್ರಿ ಸಾರ್, ಬಿಟ್ಟು ಟೈಟ್ ಮಾಡಿರ್ಲಿಲ್ಲ" ಅಂದ ಮೌನೇಶ.

ಗಂಗಯ್ಯಂಗೆ ಇದು ತಡೆಯೋಕಾಗ್ಲಿಲ್ಲ. ಕೆಲಸ ಕಿತ್ಕೊಂಡ, ಹೆಸರು ಕಿತ್ಕೊಂಡ, ಈಗ ದೊಡ್ಡತನಾನೂ ಇವನಿಗೇ ಬೇಕಾ.

"ಸುಳ್ಳು ಸಾರ್. ನಾನು ಕದ್ದು ನೋಡಿ ಉಲ್ಟಾ ತಳ್ದೆ."

ಸಂಜೀವಯ್ಯ ಮುರಿದ ಹಲಗೆ ನೋಡಿದ್ರು. "ಡ್ರಾಯರ್ ಮೌನೇಶಂದೇ ಗಂಗಯ್ಯ. ಬೇಕಿದ್ರೆ ಅವನ ಕೈಕೆಳಗೆ ಕಲಿ. ಇಲ್ಲಾಂದ್ರೆ ಬಾಗಿಲು ಇದ್ದೇ ಇದೆ."

ಅವ್ರು ಹೋದಮೇಲೆ ಮೌನೇಶ ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಬರ್ರಿ, ನನ್ನ ಬಾಜೂಕ ನಿಂದರ್ರಿ."

ಗಂಗಯ್ಯ ನಿಂತು ಸ್ವಿಚ್ ಹಾಕಿ ಬೇರೆ ಹಲಗೆ ಇಟ್ಟ. ಬಲದಿಂದ ಎಡಕ್ಕೆ ತಳ್ಳಿದ. ಹಲಗೆ ಮಾತು ಕೇಳೋ ಮಗು ಥರ ಮೆತ್ತಗೆ ಜರುಗ್ತು.

"ಭಾಳ ಚಲೋ ಬಂತ್ರಿ" ಅಂದ ಮೌನೇಶ.

ಇವನಿಂದ ಹೊಗಳಿಸ್ಕೋಬೇಕಲ್ಲಾ ಅಂತ ಗಂಗಯ್ಯಂಗೆ ಮೈಯೆಲ್ಲಾ ಉರೀತು. ಆದ್ರೂ ಇನ್ನೊಂದು ಹಲಗೆ ತಗೊಂಡ.