ಬೆಂಚಲ್ಲ, ಫಲಕ

ಗುಡ್ಡದ ಮೇಲಿನ ಬಡಾವಣೆಯವರು ಕೆಳಗಿನ ಪೇಟೆಯವರಿಗಿಂತ ಒಂಬತ್ತು ವರ್ಷ ಮೊದಲೇ ಸಾಯುತ್ತಾರೆಂದು ಸರ್ಕಾರ ಲೆಕ್ಕ ಹಾಕಿ ಕಂಡುಹಿಡಿಯಿತು. ಆ ಲೆಕ್ಕದಲ್ಲಿ ಅಲ್ಲಿನ ದರ್ಜಿ ಹೆಂಗಸೊಬ್ಬಳ ಗಂಡನೂ ಇದ್ದ. ಪರಿಹಾರವಾಗಿ ಪ್ರತಿ ಬಡಾವಣೆಗೂ ಒಂದು ಆರೋಗ್ಯ ಸಮಿತಿ ಆಗಬೇಕೆಂದು ಆದೇಶ ಬಂತು. ಗುಡ್ಡದವರು ದರ್ಜಿಯನ್ನೇ ಅಧ್ಯಕ್ಷೆ ಮಾಡಿದರು. ಅವಳ ಅಂಗಡಿಯಲ್ಲಿ ಆರು ಕುರ್ಚಿ ಇದ್ದವು. ಬೇರೆ ಅರ್ಹತೆ ಯಾರೂ ಕೇಳಲಿಲ್ಲ.

ಮೊದಲ ಸಭೆಗೆ ಆರೋಗ್ಯ ಇಲಾಖೆಯ ಅಧಿಕಾರಿ ನೂರ ನಲವತ್ತು ಮೆಟ್ಟಿಲು ಹತ್ತಿ ಬಂದ. ಹತ್ತು ನಿಮಿಷ ಬರೀ ನೀರು ಕುಡಿದ. ಆಮೇಲೆ ಫೈಲು ಬಿಚ್ಚಿದ.

"ನಿಮ್ಮ ಆರೋಗ್ಯಕ್ಕೆ ಏನು ಬೇಕು, ನೀವೇ ಹೇಳಿ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ದರ್ಜಿಯ ಅತ್ತೆ ತಲೆ ಎತ್ತದೆ, "ಒಂದು ಬೆಂಚು," ಅಂದಳು.

"ಬೆಂಚಾ?"

"ಮೆಟ್ಟಿಲಿನ ಅರ್ಧಕ್ಕೆ. ಆಸ್ಪತ್ರೆಗೆ ಹೇಗೋ ಇಳೀತೀನಪ್ಪ. ವಾಪಸ್ ಹತ್ತೋರು ಯಾರು, ನಿಮ್ಮ ಇಲಾಖೆನಾ?"

ಎರಡು ವರ್ಷದಿಂದ ಅವಳು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಗುಡ್ಡದಲ್ಲಿ ಅಂಥವರು ಮೂವತ್ತೊಂದು ಮಂದಿ.

ಅಧಿಕಾರಿ ಫೈಲು ತಿರುವಿದ. "ಬೆಂಚಿಗೆ ಅವಕಾಶ ಇಲ್ಲ ಅಮ್ಮ. ಶಿಬಿರ ಇದೆ, ಜಾಥಾ ಇದೆ, ಜಾಗೃತಿ ಫಲಕ ಇದೆ."

"ಫಲಕ ಎಷ್ಟು ಎತ್ತರ ಇರಬೇಕು ಸಾರ್?" ದರ್ಜಿ ಕೇಳಿದಳು.

"ಬರೆದಿಲ್ಲ."

"ನಿಂತೇ ಇರಬೇಕು ಅಂತ ಬರೆದಿದೆಯಾ?"

ಅವನು ಮತ್ತೊಮ್ಮೆ ಓದಿ ಫೈಲು ಮುಚ್ಚಿದ. "ಅಳತೆ ನೀವೇ ಕೊಡಿ."

ದರ್ಜಿ ಅತ್ತೆಯ ಮೊಣಕಾಲಿನ ಎತ್ತರಕ್ಕೆ ಟೇಪು ಹಿಡಿದಳು. ಚೀಟಿ ನೋಡಿದ ವೆಲ್ಡಿಂಗ್‌ನವನು, "ಬೋರ್ಡಿಗೆ ನಾಲ್ಕು ಕಾಲು ಯಾಕಕ್ಕ?" ಅಂದ.

"ಸರ್ಕಾರದ್ದು. ಭದ್ರವಾಗಿರಲಿ."

ಎಪ್ಪತ್ತನೆಯ ಮೆಟ್ಟಿಲಿನ ಪಕ್ಕ ಫಲಕ ಕೂತಿತು. ಅಡ್ಡಲಾಗಿ, ದಪ್ಪ ಅಕ್ಷರದಲ್ಲಿ 'ನಿಮ್ಮ ಹೃದಯವನ್ನು ಕಾಪಾಡಿಕೊಳ್ಳಿ' ಎಂದು ಬರೆಸಿದರು.

ಫೋಟೊ ತೆಗೆಯಲು ಅಧಿಕಾರಿ ಬಂದಾಗ ಅತ್ತೆ 'ಹೃದಯವನ್ನು' ಮೇಲೆ ಕೂತಿದ್ದಳು. ಕೈಯಲ್ಲಿ ಮಾತ್ರೆಯ ಪೊಟ್ಟಣ. ಕೆಳಗೆ ಡಾಕ್ಟರು ಅವಳ ಬಿಪಿಯನ್ನು ಎರಡು ಸಲ ನೋಡಿ, ಮಿಷನ್ ಬದಲಿಸಿ ಮೂರನೆಯ ಸಲ ನೋಡಿದ್ದರಂತೆ.

"ಅಮ್ಮ, ಸ್ವಲ್ಪ ಏಳ್ತೀರಾ? ಅಕ್ಷರ ಕಾಣಬೇಕು."

"ಈಗ ತಾನೇ ಕೂತೆ. ಉಸಿರು ಬರ್ಲಿ ಇರಪ್ಪ."

ಉಸಿರು ಬರಲು ಹೊತ್ತಾಯಿತು. ಅವನು ಹಾಗೇ ಫೋಟೊ ತೆಗೆದು ಕಳಿಸಿದ. 'ನಿಮ್ಮ' ಮತ್ತು 'ಕಾಪಾಡಿಕೊಳ್ಳಿ' ನಡುವೆ ಮುದುಕಿ ಏಕಿದ್ದಾಳೆಂದು ಮೇಲಿನ ಕಚೇರಿ ಕೇಳಿತು. 'ಫಲಕ ಬಳಕೆಯಲ್ಲಿದೆ' ಎಂದು ಉತ್ತರ ಬರೆದ.

ಎರಡು ತಿಂಗಳಲ್ಲಿ ಆ ಮೂವತ್ತೊಂದರಲ್ಲಿ ಹತ್ತೊಂಬತ್ತು ಮಂದಿ ಇಳಿದು ಹತ್ತಿದರು. ಅವರಲ್ಲೊಬ್ಬ ಗಾರೆ ಕೆಲಸದ ಮುದುಕನನ್ನು ಡಾಕ್ಟರು ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಇನ್ನೊಂದು ವಾರ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಅತ್ತೆ ಈಗ ತಿಂಗಳಿಗೊಮ್ಮೆ ಒಬ್ಬಳೇ ಹೋಗುತ್ತಾಳೆ. ಸೊಸೆ ಜೊತೆಗೆ ಬರುತ್ತೇನೆಂದರೆ, "ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ಗದರುತ್ತಾಳೆ. ಸೊಸೆ ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಮುದುಕಿ ಕೂತು, ಸುಧಾರಿಸಿಕೊಂಡು, ಎದ್ದು ಎಪ್ಪತ್ತೊಂದನೆಯ ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಇವಳು ಒಳಗೆ ಹೋಗಿ, ಏನೂ ಗೊತ್ತಿಲ್ಲದವಳಂತೆ ಹೊಲಿಯುತ್ತಾಳೆ.