ದೊಡ್ಡ ತೋಟಾದ ಉಪದೇಶ

ಮೊಂಟಾನಾದ ಬಯಲಿನಲ್ಲಿ ನಿವೃತ್ತರಾದ ಗಂಡಸರಿಗೆ ಎರಡೇ ದಾರಿ: ಮೀನು ಹಿಡಿಯುವುದು, ಇಲ್ಲವೇ ಕರಿಮದ್ದಿನ ಹಳೇ ಕೋವಿ ಹಿಡಿಯುವುದು. ಮೀನು ಹಿಡಿಯುವವರಾದರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಆರ್ಡಿಸಳ ಗಂಡ ವೆಂಡಲ್ ಶಾಲಾ ಬಸ್ಸುಗಳ ರಿಪೇರಿ ಕೆಲಸ ಬಿಟ್ಟ ಮರುವಾರವೇ ಕೋವಿ ಹಿಡಿದ. ಹಿಡಿದದ್ದು ಅವಳ ಅಪ್ಪನ ಕೋವಿ.

ಒಂದು ಸಲಕ್ಕೆ ಒಂದೇ ತೋಟಾ ನುಂಗುವ ಕೋವಿ ಅದು. ತೋಟಾ ‘ನಲವತ್ತೈದು-ಎಪ್ಪತ್ತು’ ಅಳತೆಯದ್ದು. ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ಮದ್ದಿನ ತೂಕ. ಅವಳಪ್ಪ ಎಮಿಲ್ ಬದುಕಿರುವ ತನಕ ಅದರಲ್ಲೇ ಜಿಂಕೆ ಹೊಡೆದು ಮನೆಮಂದಿಯ ಹೊಟ್ಟೆ ತುಂಬಿಸಿದ್ದ, ಸಾಯುವಾಗ ಮಗಳ ಕೈಗಿಟ್ಟು ಹೋಗಿದ್ದ. ಅಪ್ಪನದೆಂದು ಅವಳಲ್ಲಿ ಉಳಿದಿದ್ದುದು ಅದೊಂದೇ.

ಅದಕ್ಕೆ ಶನಿ ವಕ್ಕರಿಸಿದ್ದು ಥರ್ಮನ್ ಪ್ರೂಯಿಟ್‌ನ ರೂಪದಲ್ಲಿ. ಥರ್ಮನ್ ಜೀವನವಿಡೀ ವಿಮೆ ಮಾರಿದವನು. ಈಗ ಜಿಂಕೆ ಚರ್ಮದ ಜೂಲುಕೋಟು, ಸೊಂಟಕ್ಕೊಂದು ಚೂರಿ, ಹ್ಯಾಟಿಗೆ ಟರ್ಕಿಕೋಳಿಯ ಗರಿ. ಸೀಸಕ್ಕೆ ಎಷ್ಟು ತವರ ಬೆರೆಸಿ ಗುಂಡು ಎರೆಯಬೇಕು, ಗುಂಡಿನ ಮೂತಿ ಮೊಂಡಾಗಿರಬೇಕೋ ಚೂಪಾಗಿರಬೇಕೋ, ಅದಕ್ಕೆ ಸವರುವ ಜೇನುಮೇಣಕ್ಕೆ ಯಾವ ಪ್ರಾಣಿಯ ಕೊಬ್ಬು ಸೇರಿಸಬೇಕು, ಎಲ್ಲಕ್ಕೂ ಊರಿನ ಕೋವಿ ಕ್ಲಬ್ಬಿನಲ್ಲಿ ಅವನದೇ ಅಪ್ಪಣೆ. ವಿಮೆ ಮಾರಿದ ನಾಲಿಗೆ, ಸುಮ್ಮನಿರೆಂದರೆ ಇದ್ದೀತೇ?

ಚಳಿಗಾಲವಿಡೀ ಅವನು ಆರ್ಡಿಸಳ ಅಡುಗೆಮನೆಯಲ್ಲಿ ಕೂತು, ಅವಳು ಮಾಡಿದ ಪೈ ತಿನ್ನುತ್ತ ಅವಳ ಕೋವಿಯನ್ನೇ ಹಳಿದ.

“ಎಪ್ಪತ್ತು ಅಂದ್ರೆ ಮಕ್ಕಳಾಟ ವೆಂಡಲ್. ಕಾಡೆಮ್ಮೆ ಹೊಡೆದೋರೆಲ್ಲ ನೂರಹತ್ತು ತುಂಬ್ತಿದ್ರು. ಗಂಡಸಿನ ತೋಟಾ ಅಂದ್ರೆ ಅದು.”

“ನೀವೆಷ್ಟು ಕಾಡೆಮ್ಮೆ ಹೊಡೆದಿದ್ದೀರಿ ಥರ್ಮನ್?” ಎಂದು ಆರ್ಡಿಸ್ ಕೇಳಿದಳು.

“ಈಗೆಲ್ಲಿವೆ ತಾಯಿ ಕಾಡೆಮ್ಮೆ?”

“ಹೈವೇ ಪಕ್ಕದ ಬೇಲಿಯೊಳಗೆ ಸಾಕಿದ್ದಾರಲ್ಲ. ದಿನಾ ನಿಮ್ಮನ್ನ ನೋಡ್ತಾವೆ. ಒಂದೂ ಓಡಿದ್ದು ನಾ ಕಾಣೆ.”

ವೆಂಡಲ್‌ಗೆ ನಗು ಬರಲಿಲ್ಲ. ಅವನು ಥರ್ಮನ್ನನ ದೊಡ್ಡ ಕೋವಿಯಲ್ಲಿ ವಾರವಾರವೂ ಹೊಡೆದು, ಹೆಗಲು ನೀಲಿಗಟ್ಟಿಸಿಕೊಂಡು ಬರುತ್ತಿದ್ದ. ಆಮೇಲೆ ಶುರುವಾಯಿತು ಫಜೀತಿ. ಐನೂರು ಮೀಟರ್ ಆಚೆ ನಿಲ್ಲಿಸಿದ ಕಬ್ಬಿಣದ ಟಗರನ್ನು ಕೆಡವುವುದೇ ಅವರ ಪಂದ್ಯದ ಕೊನೆಯ ಪರೀಕ್ಷೆ. ಎಮಿಲ್‌ನ ಕೋವಿಯಲ್ಲಿ ವೆಂಡಲ್ ಹೊಡೆದದ್ದೆಲ್ಲ ಟಗರಿಗಿಂತ ಮೊದಲೇ ಮಣ್ಣಿಗೆ ಬೀಳತೊಡಗಿತು. ಗುಂಡು ಎರೆಯುವ ಅಚ್ಚು ಬದಲಾಯಿಸಿದ, ತವರ ಹೆಚ್ಚಿಸಿದ, ಮೊಂಡುಮೂತಿ ಬಿಟ್ಟು ಚೂಪುಮೂತಿ ಹಿಡಿದ. ಬಯಲಿನ ಮಣ್ಣಿಗೆ ಸೀಸ ಉಣಿಸಿದ್ದಷ್ಟೇ ಬಂತು.

“ಮದ್ದು ಸಾಲ್ತಿಲ್ಲ,” ಎಂದು ಥರ್ಮನ್ ತೀರ್ಪು ಕೊಟ್ಟ. “ತೋಟಾ ಕೂರೋ ಜಾಗವನ್ನ ಇನ್ನಷ್ಟು ಉದ್ದಕ್ಕೆ ಕೊರೆಸಿಬಿಡು. ನೂರಹತ್ತು ಹಿಡಿಯತ್ತೆ.”

ಒಮ್ಮೆ ಕೊರೆಸಿದರೆ ಮುಗಿಯಿತು, ಕೊರೆದ ಉಕ್ಕನ್ನು ಮತ್ತೆ ಯಾರೂ ತುಂಬಿಕೊಡಲಾರರು. ಅಪ್ಪನ ಕೋವಿ ಅಪ್ಪನದಾಗಿ ಉಳಿಯುವುದಿಲ್ಲ. ಆದರೆ ಗಂಡನ ಗೋಳು ಕೇಳಿ ಕೇಳಿ ಸಾಕಾಗಿ, ಆರ್ಡಿಸ್ ಒಂದು ದಿನ ಬಾಯಿತಪ್ಪಿ ಮಾತು ಕೊಟ್ಟುಬಿಟ್ಟಿದ್ದಳು: ಜೂನ್ ತಿಂಗಳ ಕೊನೆಯ ಅಭ್ಯಾಸದ ಹೊತ್ತಿಗೂ ಟಗರು ಬೀಳದಿದ್ದರೆ ಕೊರೆಸು. ವೆಂಡಲ್ ಬಿಲಿಂಗ್ಸ್ ಪಟ್ಟಣದ ಕೋವಿ ರಿಪೇರಿಯವನಿಗೆ ಸೋಮವಾರ ಬರುತ್ತೇನೆಂದು ಫೋನನ್ನೂ ಮಾಡಿದ್ದ.

ಅವನು ಹೊಡೆಯುವಾಗ ಪಕ್ಕದಲ್ಲಿ ಕೂತು, ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವುದು ಅವಳ ಕೆಲಸ. ಒಮ್ಮೆ ದುರ್ಬೀನು ಬಿಟ್ಟು ಗಂಡನ ಮುಖ ನೋಡಿದಳು. ಟ್ರಿಗರ್ ಎಳೆಯುವ ಮೊದಲೇ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ, ಹೆಗಲನ್ನು ಮುಂದಕ್ಕೆ ನೂಕಿ, ನಳಿಗೆಯನ್ನು ನೆಲಕ್ಕೆ ಬಾಗಿಸುತ್ತಿದ್ದ. ದೊಡ್ಡ ಕೋವಿಯ ಒದೆತ ಅವನ ಮೈಗೆ ಕಲಿಸಿದ ವಿದ್ಯೆ ಅದು. ಹೇಳಿದ್ದಕ್ಕೆ, “ನಾನಾ? ಕಣ್ಣು ಮುಚ್ತೀನಾ?” ಎಂದು ಮುಖ ಊದಿಸಿಕೊಂಡು ವಾರವೆಲ್ಲ ಮಾತು ಬಿಟ್ಟ.

ಸರಿ, ಬಾಯಿಂದ ಹೇಳಿದರೆ ಆಗುವ ಕೆಲಸವಲ್ಲ ಎಂದುಕೊಂಡಳು. ಅಭ್ಯಾಸದ ಹಿಂದಿನ ದಿನ, ಅವನು ಹುಲ್ಲು ಕತ್ತರಿಸುತ್ತಿದ್ದಾಗ, ಗ್ಯಾರೇಜಿನಲ್ಲಿ ಕೂತು ಮೂರು ತೋಟಾಗಳಿಗೆ ಮದ್ದಿನ ಬದಲು ಮೆಕ್ಕೆಜೋಳದ ಹಿಟ್ಟು ತುಂಬಿದಳು. ಕಿಡಿ ಹೊತ್ತಿಸುವ ಕೇಪುಗಳೂ ಹಿಂದೆಯೇ ಹೊಡೆದು ಮುಗಿದಿದ್ದ ಹಳೆಯವು. ಹೊಡೆದಾಗ ಅವುಗಳ ಮೇಲೆ ಬಿದ್ದಿದ್ದ ಕುಳಿಯನ್ನು, ಗುರುತು ಸಿಗದಂತೆ ಒಳಗಿನಿಂದ ತಟ್ಟಿ ಸಮ ಮಾಡಿದಳು. ಪೆಟ್ಟಿಗೆಯಲ್ಲಿ ಮೊದಲಿಗೆ ಆ ಮೂರು. ನಾಲ್ಕನೆಯದು ಅಪ್ಪ ಬಳಸುತ್ತಿದ್ದ ಮೊಂಡುಮೂತಿಯ ಗುಂಡಿನ, ಎಪ್ಪತ್ತು ಮದ್ದಿನ ನಿಜವಾದ ತೋಟಾ.

ಭಾನುವಾರ ಬೆಳಿಗ್ಗೆ ವೆಂಡಲ್ ಕೂತು ಕವಲುಕೋಲಿನ ಮೇಲೆ ಕೋವಿ ಇಟ್ಟನೋ ಇಲ್ಲವೋ, ಥರ್ಮನ್ ಬಂದೇಬಿಟ್ಟ. “ಏಳು, ಏಳು. ನಾನೇ ಒಂದು ಹೊಡೆದು ತೋರಿಸ್ತೀನಿ. ಹೊಡೆಯೋದು ನಾನಾದ್ರೂ ಈ ಕೋವಿ ಅಲ್ಲೀ ತನಕ ಮುಟ್ಟಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ.”

ಜನ ಸುತ್ತ ಸೇರಿದರು. ಆರ್ಡಿಸ್ ತುಟಿ ಕಚ್ಚಿ ಮೊದಲ ತೋಟಾ ಕೊಟ್ಟಳು. ಥರ್ಮನ್ ಉಸಿರು ಬಿಗಿಹಿಡಿದ, ಗುರಿಯಿಟ್ಟ, ಎಳೆದ.

ಟಕ್ ಎಂದಿತು, ಅಷ್ಟೇ. ನಳಿಗೆ ಮಾತ್ರ ರಪ್ಪನೆ ಕೆಳಕ್ಕೆ ಹೋಗಿ ಹುಲ್ಲಿಗೆ ಮೂತಿಯಿಟ್ಟಿತು.

ಹೀಗೆ ತೋಟಾ ಕೈಕೊಟ್ಟಾಗ, ಮದ್ದು ತಡವಾಗಿ ಹೊತ್ತೀತೆಂದು ಕೋವಿಯನ್ನು ಅಲ್ಲಾಡಿಸದೆ ಕಾಯಬೇಕೆಂಬುದು ಮೈದಾನದ ನಿಯಮ. ಆ ನಿಯಮ ಬರೆಸಿದವನೂ ಥರ್ಮನ್ನೇ. ಹಾಗಾಗಿ ಕಾಡೆಮ್ಮೆ ಬೇಟೆಗಾರ ಕಣ್ಣು ಮುಚ್ಚಿ, ಹಲ್ಲು ಕಿರಿದು, ಹೆಗಲು ಕಿವಿಗೇರಿಸಿಕೊಂಡು ಅದೇ ಭಂಗಿಯಲ್ಲಿ ಕೂರಬೇಕಾಯಿತು. ಎಲ್ಲರೂ ಕಣ್ತುಂಬ ನೋಡಿದರು. ಯಾರೋ ಕಿಸಕ್ಕೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ವೆಂಡಲ್.

“ಕೇಪು ಸರಿ ಇಲ್ಲ. ಇಂಥ ಕೇಪು ತರಬೇಡಿ ಅಂತ ನಾನು ಮೊದ್ಲೇ ಹೇಳಿದ್ದೆ,” ಎನ್ನುತ್ತ ಥರ್ಮನ್ ಎದ್ದ.

“ಈಗ ನೀನು ಕೂತ್ಕೋ,” ಎಂದಳು ಆರ್ಡಿಸ್ ಗಂಡನಿಗೆ.

ನಗುತ್ತಲೇ ಕೂತ ವೆಂಡಲ್. ಟಕ್. ನಳಿಗೆ ಥರ್ಮನ್ನನಿಗಿಂತ ಒಂದು ಗೇಣು ಹೆಚ್ಚೇ ಬಾಗಿತು. ನಿಯಮದಂತೆ ಕಾಯುತ್ತ ಕೂತ ಅವನ ಕಿವಿ ಕೆಂಪಾಯಿತು. ತೋಟಾ ಹೊರತೆಗೆದು ಹೆಂಡತಿಯ ಮುಖ ನೋಡಿದ.

“ಇಂಥವು ಎಷ್ಟಿವೆ?” ತಗ್ಗಿದ ದನಿಯಲ್ಲಿ ಕೇಳಿದ.

“ಹೇಳಲ್ಲ. ಹೊಡಿ.”

ಮೂರನೆಯದೂ ಟಕ್ ಎಂದಿತು. ಈ ಸಲ ನಳಿಗೆ ತುಸುವೇ ಅಲುಗಿತು. ವೆಂಡಲ್‌ಗೆ ಖಾತ್ರಿಯಾಯಿತು, ಪೆಟ್ಟಿಗೆ ಪೂರ್ತಿ ಟೊಳ್ಳು. ಸಿಟ್ಟು, ನಾಚಿಕೆ ಎರಡೂ ಇಳಿದು ಅವನ ಹೆಗಲು ಸಡಿಲವಾಯಿತು.

ಆರ್ಡಿಸ್ ನಾಲ್ಕನೆಯದನ್ನು ಕೈಗೆತ್ತಿಕೊಂಡಳು. ಇವನು ಹೆದರದೆ ಹೊಡೆಯುವುದು ಇದೊಂದೇ ಸಲ. ಇದು ನಿಜವೆಂದು ತಿಳಿದ ಮೇಲೆ ಮುಂದಿನದಕ್ಕೆ ಮತ್ತೆ ಕಣ್ಣು ಮುಚ್ಚುತ್ತಾನೆ. ಇದು ತಪ್ಪಿದರೆ ನಾಳೆ ಬಿಲಿಂಗ್ಸ್. ಅದನ್ನೂ ಮೊದಲ ಮೂರರಂತೆಯೇ ಅವನ ಕೈಗಿಟ್ಟಳು. “ಗಾಳಿ ಎಡಗಡೆಯಿಂದ ಇದೆ, ಸ್ವಲ್ಪ ಎಡಕ್ಕೆ ಹಿಡಿ,” ಎಂದಳು.

“ಹಿಡಿದು ಏನು ಉಪಯೋಗ?” ಎಂದು ಗೊಣಗಿ, ಹೇಳಿದಂತೆಯೇ ಹಿಡಿದು, ನಿರಾಳವಾಗಿ ಎಳೆದ.

ಕೋವಿ ಗುಡುಗಿತು. ಬಿಳಿ ಹೊಗೆ ಎಲ್ಲರನ್ನೂ ಮುಚ್ಚಿತು. ಗುಂಡು ಅಷ್ಟು ದೂರ ಹೋಗಿ, ಸದ್ದು ಹಿಂದಕ್ಕೆ ಬರುವ ತನಕ ಆರ್ಡಿಸ್ ಮನಸ್ಸಿನಲ್ಲೇ ಎಣಿಸಿದಳು. ಆಮೇಲೆ ಠಣ್ ಎಂದಿತು. ಹೊಗೆ ಸರಿದಾಗ ಟಗರು ಮಗುಚಿ ಬಿದ್ದಿತ್ತು.

“ಗಾಳಿ ತಳ್ಳಿಕೊಂಡು ಹೋಯ್ತು,” ಎಂದ ಥರ್ಮನ್. “ನಾಳೆ ಕೊರೆಸಿಬಿಡು ವೆಂಡಲ್, ಇನ್ನೂ ಗಟ್ಟಿಯಾಗಿ ಹೊಡೆಯತ್ತೆ.”

“ಬೇಡ. ಕೋವಿ ಸರಿಯಾಗೇ ಇತ್ತು. ಹೆದರ್ತಿದ್ದೋನು ನಾನು.” ಎಲ್ಲರಿಗೂ ಕೇಳುವಂತೆ ಹೇಳಿದ ವೆಂಡಲ್. ಹೆಂಡತಿಯತ್ತ ತಿರುಗಿದಾಗ ದನಿ ಸಣ್ಣದಾಯಿತು. “ನನ್ನ ಹೆದರಿಕೆಗೆ ನಿಮ್ಮಪ್ಪನ ಕೋವಿನ ಕೊರೆಸಿಬಿಡ್ತಿದ್ದೆನಲ್ಲೇ.”

“ಹೂಂ. ಕೊರೆಸಿಬಿಡ್ತಿದ್ದೆ,” ಎಂದಳು ಆರ್ಡಿಸ್. ಸಮಾಧಾನ ಹೇಳುವ ಮನಸ್ಸು ಅವಳಿಗೆ ಬರಲಿಲ್ಲ. ಅವನ ಕೈಯಿಂದ ಕೋವಿ ಇಸಿದುಕೊಂಡು, ನಳಿಗೆಯ ಮಸಿಯನ್ನು ತಾನೇ ಒರೆಸಲು ಕೂತಳು.